ಅರಮನೆಯ ಇರುವೆ ಸಾಲು

ಗಿಡ್ಡನಕಲ್ಲಿನ ಪಾಳೆಯಗಾರ ದೊಡ್ಡಹನುಮ ನಾಯಕನಿಗೆ ಒಂದು ಚಟ. ತಾನು ವ್ರತ ಹಿಡಿದರೆ ಊರೆಲ್ಲ ಹಿಡಿಯಬೇಕು. ಆ ವರ್ಷ ಧನುರ್ಮಾಸಕ್ಕೆ ಸಿಹಿ ಬಿಟ್ಟೆನೆಂದು ಡಂಗುರ ಹೊಡೆಸಿದ: "ಕೋಟೆಯೊಳಗೆ ಯಾರ ಮನೆಯಲ್ಲೂ ಬೆಲ್ಲ ಇರಕೂಡದು. ಇಟ್ಟುಕೊಂಡವರು ಕೋಟೆ ಬಿಡಬೇಕು!"

ಆಳುಗಳು ಮಕ್ಕಳ ಕೈಯಲ್ಲಿದ್ದ ಎಳ್ಳುಂಡೆಯನ್ನೂ ಬಿಡದೆ ಕಿತ್ತು ಅರಮನೆಗೆ ಸಾಗಿಸಿದರು. ಊರಿನವರು ಸೊರಗಿದರು. ನಾಯಕನ ಹೊಟ್ಟೆ ಮಾತ್ರ ಇದ್ದಷ್ಟೇ ಇತ್ತು.

ಚಳಿ ಬಲಿತಂತೆ ನಾಯಕನ ಮಲಗುವ ಮನೆಗೆ ಇರುವೆ ನುಗ್ಗಿದವು. ಒಂದು ಬೆಳಗ್ಗೆ ಅವನು ಊದಿದ ಕಿವಿ ಹಿಡಿದುಕೊಂಡೇ ಸಭೆಗೆ ಬಂದ.

"ಪ್ರಭುಗಳ ಪ್ರತಾಪದ ಕಾವಿಗೆ ಬಂದಿವೆ," ಎಂದ ಆಸ್ಥಾನ ಪಂಡಿತ. ಇಂಥ ಮಾತಿಗೇ ಅವನಿಗೆ ಎರಡು ಹೊತ್ತಿನ ಊಟ ಸಿಗುತ್ತಿತ್ತು.

"ಕಾವೂ ಇಲ್ಲ, ಮಣ್ಣೂ ಇಲ್ಲ! ಕಸ ಗುಡಿಸುವ ಕೆಂಚವ್ವನ ಸೋಮಾರಿತನ ಇದು. ಸಂಜೆಯೊಳಗೆ ಅವಳು ಕೋಟೆ ಬಿಡಲಿ!" ಎಂದು ನಾಯಕ ಅಬ್ಬರಿಸಿದ.

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಕೆಂಚವ್ವ ಮುಂದೆ ಬಂದು ಕೈಮುಗಿದಳು. "ಮೂಲೆಮೂಲೆ ಸಾರಿಸೀನಿ ಬುದ್ಧೀ. ಈ ಚಳೀಲಿ ಮಕ್ಕಳ್ನ ಕಟ್ಕಂಡು ಎಲ್ಲಿಗೋಗ್ಲಿ?"

ಮಂತ್ರಿ ಸೂರಪ್ಪಯ್ಯನಿಗೆ ಮೈಯೆಲ್ಲ ಉರಿಯಿತು. ಅವನ ಮೊಮ್ಮಗಳ ಎಳ್ಳುಂಡೆಯೂ ಹೋಗಿತ್ತು. ಆದರೆ ನಾಯಕನ ಮುಂದೆ ಸಿಟ್ಟು ತೋರಿಸಿ ಗೆದ್ದವರಿಲ್ಲ. ಅವನು ನಗುತ್ತಲೇ ಎದ್ದ.

"ಸರಿಯಾದ ತೀರ್ಪು ಪ್ರಭು. ಆದರೂ ಒಂದು ಸಂದೇಹ. ಈ ಚಳಿಗಾಲ ನಮ್ಮ ಮನೆಯಲ್ಲಿ ಒಂದೂ ಇರುವೆ ಇಲ್ಲ. ಇಡೀ ಬೀದಿಯಲ್ಲೇ ಇಲ್ಲ. ಅವಕ್ಕೆಲ್ಲ ಏನಾಯಿತೋ?"

"ಬೆಲ್ಲವಿಲ್ಲದ ಮನೆಗೆ ಇರುವೆ ಯಾಕಯ್ಯ ಬರುತ್ತದೆ? ಎಲ್ಲ ನನ್ನ ಅಪ್ಪಣೆಯ ಫಲ!" ನಾಯಕ ಮೀಸೆ ತಿರುವಿದ.

"ನಾನೂ ಹಾಗೇ ಅಂದುಕೊಂಡೆ," ಎಂದ ಸೂರಪ್ಪಯ್ಯ ಸೀದಾ ಮಲಗುವ ಮನೆಯತ್ತ ನಡೆದ. ಸಭೆಯೆಲ್ಲ ಅವನ ಹಿಂದೆ ಹೊರಟಿತು. ತಾನು ಆಡಿದ್ದೇನೆಂದು ನಾಯಕನಿಗೆ ಆಗ ಹೊಳೆದಿರಬೇಕು, ಅವನೂ ಏದುಸಿರು ಬಿಡುತ್ತಾ ಓಡಿಬಂದ.

ಕಿಟಕಿಯಿಂದ ಇಳಿದ ಇರುವೆ ಸಾಲು ಕೆಂಚವ್ವ ಸಾರಿಸಿದ ನೆಲದ ಮೇಲೆ ಎಲ್ಲೂ ನಿಲ್ಲದೆ, ಮಂಚದ ಕಾಲು ಹತ್ತಿ, ನಾಯಕನ ದಿಂಬಿನಡಿಗೆ ನುಸುಳಿತ್ತು. ಹೊರಗೆ ಬರುತ್ತಿದ್ದ ಒಂದೊಂದರ ಬಾಯಲ್ಲೂ ಒಂದೊಂದು ಎಳ್ಳು.

ಸೂರಪ್ಪಯ್ಯ ದಿಂಬಿನ ತುದಿ ಹಿಡಿದು ಬಹಳ ವಿನಯದಿಂದ ಕೇಳಿದ: "ಎತ್ತಲೇ ಪ್ರಭು? ಕೋಟೆ ಬಿಡಬೇಕಾದವರು ಯಾರೆಂದು ಎಲ್ಲರಿಗೂ ತಿಳಿದುಹೋಗಲಿ."

"ಬೇಡ, ಬೇಡ!" ನಾಯಕ ದಿಂಬಿನ ಮೇಲೆಯೇ ಕುಳಿತುಬಿಟ್ಟ. ಕುಳಿತಷ್ಟೇ ಬೇಗ ಎಗರಿ ಎದ್ದ. "ಕೆಂಚವ್ವ ಇಲ್ಲೇ ಇರಲಿ, ಪಾಪದ ಹೆಂಗಸು. ಈ ದರಿದ್ರ ಇರುವೆಗಳನ್ನು ಹೊರಗಿಡುವ ದಾರಿ ಹೇಳಯ್ಯ!"

"ಎರಡು ದಾರಿ ಇವೆ ಪ್ರಭು. ತಾವು ಹಿಡಿದ ವ್ರತವನ್ನು ತಾವೂ ನಡೆಸಬೇಕು. ಇಲ್ಲವೇ ಊರಿನ ಬೆಲ್ಲ ಊರಿಗೆ ಕೊಡಬೇಕು, ಆಗ ಇರುವೆಗಳು ಮನೆಮನೆಗೂ ಹಂಚಿಹೋಗುತ್ತವೆ. ಮೊದಲನೆಯದು ತಮ್ಮ ಕೈಲಾಗುವುದಿಲ್ಲ. ಎರಡನೆಯದಕ್ಕೆ ಡಂಗುರದವನನ್ನು ಈಗಲೇ ಕರೆಸಲೇ?"