ಬಳೆಗಾರನ ನಡುಗುವ ಕೈ

ಶಿಷ್ಯ ಮುರಿಗೆಪ್ಪ ಕೇಳಿದ: "ಗುರುಗಳೇ, ಕುಡಿತ ಬಿಡಲು ಬಂದವರ ಶುಶ್ರೂಷೆಗೆ ನೀವು ಮೊನ್ನೆ ಮೊನ್ನೆಯವರೆಗೆ ಕುಡಿಯುತ್ತಿದ್ದವನನ್ನೇ ನೇಮಿಸಿದ್ದೀರಿ. ತಾನೇ ಬಿದ್ದವನು ಇನ್ನೊಬ್ಬನನ್ನು ಹೇಗೆ ಎತ್ತಿಯಾನು?"

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಸೆರೆಯೂ ಅಫೀಮೂ ಮನೆಮನೆಯನ್ನು ಹೊಕ್ಕಿದ್ದವು. ದಂಡಿಸಿ ದಂಡಿಸಿ ಸೋತ ಅರಸಿ ಕಡೆಗೆ ಊರ ಹೊರಗೊಂದು ಚಿಕಿತ್ಸಾಲಯ ಕಟ್ಟಿಸಿದಳು. ಅದರ ಬಾಗಿಲಿಗೆ ಬೀಗವಿರಲಿಲ್ಲ. ಬರುವವನು ಬರಬಹುದು, ಹೋಗುವವನು ಹೋಗಬಹುದು.

ಅಲ್ಲಿಗೆ ಒಬ್ಬ ಬಳೆಗಾರ ಬಂದ. ಅವನು ಬಳೆ ತೊಡಿಸಿದರೆ ನೋವೇ ತಿಳಿಯದು ಎಂದು ಹೆಂಗಸರು ಹೇಳುತ್ತಿದ್ದ ಕಾಲವೊಂದಿತ್ತು. ಸೆರೆಯ ಚಟ ಹತ್ತಿದ ಮೇಲೆ ಕೈ ನಡುಗತೊಡಗಿತು. ಒಂದು ಮದುವೆ ಮನೆಯಲ್ಲಿ ಬಳೆ ಒಡೆದು ಮದುಮಗಳ ಮುಂಗೈ ಕೊಯ್ದಿತು. ಮನೆಯವರು ಕೂಗಾಡಿದರು. ಅವಳು ಮಾತ್ರ ಏನೂ ಅನ್ನದೆ ಸೆರಗಿನಿಂದ ರಕ್ತ ಒತ್ತಿಕೊಂಡಳು. ಬೈದಿದ್ದರೆ ಕುಡಿದು ಮರೆಯುತ್ತಿದ್ದನೇನೋ. ಆ ಮೌನವನ್ನು ಮರೆಯಲಾಗದೆ ಅವನು ಚಿಕಿತ್ಸಾಲಯದ ಕಡೆಗೆ ನಡೆದ.

ವೈದ್ಯೆ ಮದ್ದು ಕೊಟ್ಟಳು, ಗಂಜಿ ಕುಡಿಸಿದಳು. ಮೈಯೆಲ್ಲ ಬೆವೆತಿತು. ಗೋಡೆಯ ತುಂಬ ಇರುವೆಗಳು ಹರಿದಂತೆ ಕಂಡವು. ಅದನ್ನೆಲ್ಲ ಬಳೆಗಾರ ತಾಳಿಕೊಂಡ. ಆದರೆ ಮೈ ಚೇತರಿಸಿಕೊಂಡ ಮೇಲೆ ಹುಟ್ಟಿದ ಆಸೆಯನ್ನು ತಾಳಲಾರದೆ ಹೋದ. ಒಂದು ಮಧ್ಯಾಹ್ನ ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟ. ಯಾರೂ ತಡೆಯಲಿಲ್ಲ. ಸೆರೆಯಂಗಡಿಯ ದಾರಿ ಅವನ ಕಾಲಿಗೇ ಗೊತ್ತಿತ್ತು.

ಚಿಕಿತ್ಸಾಲಯದ ಬಾಗಿಲಲ್ಲೇ ಒಬ್ಬ ಮುದುಕಿ ಎದುರಾದಳು. ಬೆಳೆದ ಮಗನನ್ನು ತೋಳು ಹಿಡಿದು ಎಳೆದು ತಂದಿದ್ದಳು. ಅವನ ಹಲ್ಲು ಕಟಕಟನೆ ಬಡಿಯುತ್ತಿದ್ದವು.

"ಅಪ್ಪಾ, ನೀನು ಇಲ್ಲಿಯವನೇ? ನನ್ನ ಮಗ ಉಳಿಯುತ್ತಾನೆಯೇ?" ಎಂದಳು.

ಅಲ್ಲ ಎನ್ನಲು ಬಳೆಗಾರ ಬಾಯಿ ತೆರೆದ. ಅಷ್ಟರಲ್ಲಿ ಅವಳು ಮಗನ ಕೈಯನ್ನು ಅವನ ಕೈಗಿತ್ತು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಒಳಗೆ ಬಿಟ್ಟು ಹೋದರಾಯಿತು ಎಂದುಕೊಂಡು ಅವನು ತಿರುಗಿದ.

ವೈದ್ಯೆ ಆ ಯುವಕನಿಗೆ ಮದ್ದು ಕುಡಿಸಿದಳು. ಬಳೆಗಾರ ಕೈ ಬಿಡಿಸಿಕೊಳ್ಳಲು ನೋಡಿದ. ಯುವಕ ಬಿಡಲಿಲ್ಲ. "ಇರುವೆ! ಗೋಡೆ ತುಂಬ ಇರುವೆ!" ಎಂದು ಚೀರಿದ. ಸುತ್ತಲಿನವರು ಏನೂ ಇಲ್ಲವೆಂದು ಸಮಾಧಾನ ಹೇಳಿದಷ್ಟೂ ಅವನ ಭಯ ಹೆಚ್ಚಿತು.

ಬಳೆಗಾರ ಅವನ ಪಕ್ಕದಲ್ಲಿ ಕುಳಿತ. "ನನಗೂ ಕಂಡಿದ್ದವು. ಕಚ್ಚುವುದಿಲ್ಲ. ಇರು, ಹೋಗುತ್ತವೆ" ಎಂದ.

ಯುವಕ ಗೋಡೆಯಿಂದ ಕಣ್ಣು ಕಿತ್ತು ಮೊದಲ ಬಾರಿಗೆ ಅವನ ಮುಖ ನೋಡಿದ. ಚೀರುವುದು ನಿಂತಿತು.

ಇಬ್ಬರ ಕೈಯೂ ನಡುಗುತ್ತಿತ್ತು. ಯಾವ ನಡುಕ ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ.

ಬಿಸಿಲು ಇಳಿಯಿತು. ಯುವಕನಿಗೆ ನಿದ್ದೆ ಹತ್ತಿತು. ಆಗ ಬಳೆಗಾರನಿಗೆ ಹೊಳೆಯಿತು: ಇಷ್ಟು ಹೊತ್ತೂ ತನಗೆ ಸೆರೆಯ ನೆನಪೇ ಬಂದಿರಲಿಲ್ಲ. ಗರ್ಭಗುಡಿಯ ಮುಂದೆ ನಿಂತವನಂತೆ, ಉಸಿರಾಡಲೂ ಅಂಜಿ, ಆ ಮಲಗಿದ ಮುಖವನ್ನೇ ನೋಡುತ್ತ ಕುಳಿತ. ವೈದ್ಯೆ ಅವನ ಹೆಗಲ ಮೇಲಿನ ವಲ್ಲಿಯನ್ನು ಕಂಡಳು. ಒಳಗೆ ಹೋಗಿ ಎರಡು ಬಟ್ಟಲು ಗಂಜಿ ತಂದಿಟ್ಟಳು.

ಮುಂದೆ ಆಸೆ ಬರಲೇ ಇಲ್ಲವೆಂದಲ್ಲ. ಒಮ್ಮೆ ಅವನು ಜಾರಿದ್ದೂ ಉಂಟು. ನಾಚುತ್ತ ಮರಳಿ ಬಂದ. ಆಸೆ ಕಾಡಿದಾಗಲೆಲ್ಲ ಹೊಸದಾಗಿ ಬಂದವರ ಬಳಿ ಹೋಗಿ ಕುಳಿತ. ಹಾಗೆ ಕುಳಿತು ಕುಳಿತೇ ಆ ಮನೆಯಲ್ಲಿ ಮುದುಕನಾದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕೈಮುಗಿದು, "ತಿಳಿಯಿತು ಗುರುಗಳೇ. ಬಿದ್ದವನಾದರೂ ಬಳೆಗಾರ ಆ ತಾಯಿಯ ಮಗನನ್ನು ಕಾಪಾಡಿದ" ಎಂದ.

ಗುರುಗಳು ಕೇಳಿದರು: "ಅಂದು ಆ ಬಾಗಿಲಿಂದ ಒಳಕ್ಕೆ ಯಾರು ಯಾರನ್ನು ಕರೆತಂದರು, ಮುರಿಗೆಪ್ಪ?"