ತೂಬರೆ ಮರದೊಳಗೆ ಇರುಳಿನ ಸೆರಗು

"ಮಾವಣ್ಣಾ, ವೈದ್ಯರ ಮನೆಗೆ ಯಾವ ಕಡೆ ಹೋಗಬೇಕಪ್ಪಾ?"

ಕೇಳಿದವಳು ಇರುಳಮ್ಮ. ಕೇಳಿಸಿಕೊಂಡದ್ದು ಮಾವಿನ ಮರ. ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳೂ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ಸಮುದ್ರಗಳನ್ನೆಲ್ಲ ಸುತ್ತಿ ಬಂದ ಇರುಳಮ್ಮನಿಗೇ ಆ ಕಾಡಿನಲ್ಲಿ ದಾರಿ ತಪ್ಪಿತ್ತು.

ಅವಳ ಕಪ್ಪು ಸೆರಗಿನಲ್ಲಿ ಒಂದು ಬಾವಲಿಮರಿ ಇತ್ತು. ಅವಳ ಸಾಕುಮಗಳು, ತೊಗಲಿ. ಕಂಡಕಂಡ ಹಣ್ಣು ತಿಂದು ಭೇದಿ ಹತ್ತಿಸಿಕೊಂಡಿದ್ದಳು. ಕಣ್ಣು ಗುಳಿಬಿದ್ದಿತ್ತು. ರೆಕ್ಕೆ ಎತ್ತಲೂ ಶಕ್ತಿಯಿರಲಿಲ್ಲ.

"ವೈದ್ಯರನ್ನು ಇನ್ನೂ ಸೃಷ್ಟಿ ಮಾಡಿಲ್ಲ ಕಣಮ್ಮಾ. ನನ್ನ ಹಣ್ಣು ಕೊಡು, ಸಿಹಿಯಾಗಿದೆ," ಎಂದಿತು ಮಾವು.

"ಸಿಹಿ ತಿಂದೇ ಹೀಗಾಗಿದ್ದಾಳೆ!"

ಇರುಳಮ್ಮ ಹೊಳೆಯನ್ನು ಕೇಳಿದಳು. "ಹರಿಸುವುದಷ್ಟೇ ನನಗೆ ಗೊತ್ತು ತಾಯಿ, ನಿಲ್ಲಿಸುವುದು ಗೊತ್ತಿಲ್ಲ," ಎಂದಿತು ಹೊಳೆ. "ಹಿಡಿದು ನಿಲ್ಲಿಸುವವರು ಬೇಕಾದರೆ ಅಗೋ, ಆ ತೂಬರೆ ಮರವನ್ನು ಕೇಳು."

ಮಾವು ಎಲೆ ಉದುರುವ ಹಾಗೆ ನಕ್ಕಿತು. "ಆ ಒಗರುಮೂತಿಯನ್ನೇ? ಅದರ ಕಾಯಿ ಕಚ್ಚಿದ ಕೋತಿಗೆ ಸಂಜೆಯವರೆಗೂ ಮಾತು ಹೊರಡಲಿಲ್ಲ!"

ತೂಬರೆ ನೆಟ್ಟಗೆ ನಿಂತಿತು.

"ಹೌದು, ನಾನು ಒಗರು. ಕಾಯಿ ಒಗರು, ಎಲೆ ಒಗರು, ತೊಗಟೆಯಂತೂ ಕೇಳಲೇಬೇಡಿ. ಕೋತಿಯ ನಾಲಿಗೆಯನ್ನೇ ಹಿಡಿದ ನನಗೆ ಇಷ್ಟು ಚಿಕ್ಕ ಹೊಟ್ಟೆ ಹಿಡಿಯಲು ಬರುವುದಿಲ್ಲವೇ? ಒಂದು ಚಕ್ಕೆ ಸುಲಿದುಕೋ ತಾಯಿ."

"ನಿನಗೆ ನೋವಾಗುತ್ತದಲ್ಲ?"

"ಆಗುತ್ತದೆ. ಬೇಗ ಸುಲಿ."

ಅಷ್ಟರಲ್ಲಿ ಮೂಡಣದಲ್ಲಿ ಸೂರ್ಯ ಇಣುಕಿದ. "ಸ್ವಲ್ಪ ತಡಿಯಪ್ಪಾ, ಮಗುವಿಗೆ ಹುಷಾರಿಲ್ಲ," ಎಂದು ಇರುಳಮ್ಮ ಗದರಿದಳು. ಸೂರ್ಯ ಬೆಟ್ಟದ ಹಿಂದೆಯೇ ನಿಂತ.

ಅವಳು ತೊಗಟೆ ಜಜ್ಜಿ, ಹೊಳೆಯ ನೀರಿನಲ್ಲಿ ಕಿವುಚಿ, ತೊಗಲಿಯ ಬಾಯಿಗೆ ಹನಿ ಬಿಟ್ಟಳು.

"ಥೂ!" ಎಂದಳು ತೊಗಲಿ.

"ಉಗುಳುವಷ್ಟು ಶಕ್ತಿ ಬಂತಲ್ಲ!" ಎಂದು ಇರುಳಮ್ಮ ಇನ್ನೊಂದು ಹನಿ ಬಿಟ್ಟಳು.

ಒಗರು ಹೊಟ್ಟೆಯನ್ನು ಹಿಡಿಯಿತು. ಭೇದಿ ನಿಂತಿತು. ತೊಗಲಿ ತೂಬರೆಯ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು, "ಅಮ್ಮಾ, ಹಸಿವು," ಎಂದಳು.

"ಋಣ ಹೊತ್ತುಕೊಂಡು ಊರೂರು ತಿರುಗುವವಳಲ್ಲ ನಾನು," ಎಂದಳು ಇರುಳಮ್ಮ. "ಕೇಳು ತೂಬರೆ, ನಿನ್ನ ಒಗರು ತೆಗೆದು ಸಿಹಿ ತುಂಬಿಸಲೇ?"

"ಹಣ್ಣಾದಾಗ ಒಂದಿಷ್ಟು ಸಿಹಿ ಇರಲಿ. ಉಳಿದಂತೆ ನನ್ನ ಒಗರಿಗೆ ಕೈ ಹಾಕಬೇಡ. ನಾಳೆ ಇನ್ಯಾರ ಮಗುವಿಗೆ ಬೇಕಾಗುತ್ತದೋ."

ಇರುಳಮ್ಮನ ಎದೆಯುಬ್ಬಿತು. ಚರ್ರನೆ ಸೆರಗಿನ ಅಂಚು ಹರಿದಳು. "ಹಾಗಾದರೆ ಇದನ್ನು ಉಟ್ಟುಕೋ. ಕಾಡೆಲ್ಲ ನೋಡಲಿ."

"ನೋಡುವವರಿಗಾಗಿ ಬೇಡ ತಾಯಿ. ಸುಲಿದ ಜಾಗದಿಂದ ಒಳಗಿಡು."

ಆಗ ಎಲ್ಲ ಮರಗಳ ತಿರುಳೂ ಬಿಳಿ. ಇರುಳಮ್ಮ ಆ ಕಪ್ಪು ಅಂಚನ್ನು ಗಾಯದೊಳಗಿಂದ ನಡುತಿರುಳಿನವರೆಗೂ ತಳ್ಳಿ, ಅಂಗೈಯಿಂದ ಒತ್ತಿ ಮುಚ್ಚಿದಳು. ಸೂರ್ಯನಿಗೆ "ಇನ್ನು ಬಾರಪ್ಪಾ" ಎಂದು ಮಗಳನ್ನೆತ್ತಿಕೊಂಡು ಹೊರಟಳು.

ಅದಕ್ಕೇ ಮಗೂ, ಇವತ್ತಿಗೂ ಬಡಗಿ ತೂಬರೆಯನ್ನು ಕೊಯ್ದರೆ ಹೊರಗೆಲ್ಲ ಬಿಳಚು, ನಡುವೆ ಮಾತ್ರ ಮಿರಿಮಿರಿ ಕಪ್ಪು. ಅದು ಇರುಳಮ್ಮ ತೀರಿಸಿದ ಋಣ.