ನವಿಲುಗರಿಯ ಸಾಲು

ಆ ಕಾಡಿನ ನಡುವೆ ಅಗಲವಾದ ಒಂದು ಹೊಳೆ ಹರಿಯುತ್ತಿತ್ತು. ಹೊಳೆಯಲ್ಲಿ ಕಪಿಲಯ್ಯ ಎಂಬ ಕೋತಿ ತೆಪ್ಪ ನಡೆಸುತ್ತಿದ್ದ. ಬಿದಿರಿನ ಗಳಗಳನ್ನು ಬಳ್ಳಿಯಿಂದ ಬಿಗಿದು ಮಾಡಿದ ತೆಪ್ಪ. ಆಚೆ ದಡಕ್ಕೆ ದಾಟಿಸುವ ತೆಪ್ಪ ಅದಲ್ಲ, ಬರೀ ವಿಹಾರದ್ದು. ಬೆಳಿಗ್ಗೆ ಹತ್ತಿದವರಿಗೆ ನಡುಗಡ್ಡೆಯ ಸುತ್ತ ಒಂದು ಸುತ್ತು ಹಾಕಿಸಿ, ದೂರದಿಂದ ಜಲಪಾತ ತೋರಿಸಿ, ಮಧ್ಯಾಹ್ನದ ಹೊತ್ತಿಗೆ ಹತ್ತಿದ ಜಾಗದಲ್ಲೇ ಇಳಿಸುತ್ತಿದ್ದ. ಒಬ್ಬರಿಗೆ ನಾಲ್ಕು ಗೆಣಸು.

ಒಂದು ದಿನ ಚಿಕ್ಕೀರಯ್ಯ ಎಂಬ ಮುಳ್ಳುಹಂದಿ ಹೆಂಡತಿ ಸಾಕಮ್ಮನನ್ನು ಕರೆದುಕೊಂಡು ತೆಪ್ಪ ಹತ್ತಿದ. ಇಬ್ಬರಿಗೂ ವಿಹಾರ ಹಿಡಿಸಿತು. ಜಲಪಾತ ಕಂಡಾಗ ಸಾಕಮ್ಮ ಕುಣಿಯುವುದೊಂದು ಬಾಕಿ. ಇಳಿಯುವಾಗ ಕಪಿಲಯ್ಯ ಚಿಕ್ಕೀರಯ್ಯನ ಬೆನ್ನಿನ ಒಂದು ಮುಳ್ಳಿಗೆ ಬೂದು ಬಣ್ಣದ ಗರಿ ಕಟ್ಟಿದ.

“ಇದೇನಪ್ಪ?” ಎಂದು ಕೇಳಿದ ಚಿಕ್ಕೀರಯ್ಯ.

“ಪಾರಿವಾಳದ ಗರಿ. ಇವತ್ತಿನಿಂದ ನೀವು ನಮ್ಮವರು. ಈ ಗರಿ ಇದ್ದವರನ್ನು ನಾನು ಹೆಸರು ಹಿಡಿದು ಕರೆಯುತ್ತೇನೆ. ಹತ್ತು ಸಲ ಬಂದರೆ ಗಿಳಿಯ ಗರಿ. ಆಮೇಲೆ ಬಂದಾಗಲೆಲ್ಲ ಒಂದು ಅತ್ತಿಹಣ್ಣು ಬಿಟ್ಟಿ. ಇಪ್ಪತ್ತೈದು ಸಲ ಬಂದರೆ ನವಿಲುಗರಿ.”

“ನವಿಲುಗರಿಗೆ ಏನು ಸಿಗುತ್ತದೆ?”

ಕಪಿಲಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಎಲ್ಲರಿಗಿಂತ ಮೊದಲು ಹತ್ತಬಹುದು. ಮುಂದಿನ ತುದಿಯಲ್ಲಿ, ನನ್ನ ಪಕ್ಕದಲ್ಲೇ ಕೂರಬಹುದು.”

“ಮುಂದಿನ ತುದಿಯಲ್ಲಿ ಕೂತವರು ಬೇಗ ವಾಪಸ್ ಬರುತ್ತಾರಾ?” ಎಂದಳು ಸಾಕಮ್ಮ.

“ಸ್ವಲ್ಪ ಬೇಗ,” ಎಂದ ಕಪಿಲಯ್ಯ.

ಸಾಕಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಚಿಕ್ಕೀರಯ್ಯ ಬಿಡಲಿಲ್ಲ. ಅವನು ಸಾಧು ಪ್ರಾಣಿ. ಆದರೆ ಮುಳ್ಳುಹಂದಿ ಬಂತೆಂದರೆ ಯಾರೂ ಹತ್ತಿರ ಬಂದು ಕೂರುವುದಿಲ್ಲ, ಕಾರಣ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಬಂದು ಕೂತುಕೋ ಎಂದು ಅವನಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಆ ಮಾತು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ನಾಲ್ಕು ದಿನ ಕಳೆದ ಮೇಲೆ ಅವನು ಮತ್ತೆ ಹೋದ. ದಡದಲ್ಲಿ ಕಪಿಲಯ್ಯ ಗಟ್ಟಿಯಾಗಿ, “ಬನ್ನಿ, ಚಿಕ್ಕೀರಯ್ಯನೋರೇ, ಬನ್ನಿ!” ಎಂದು ಕರೆದ. ಸಾಲಿನಲ್ಲಿದ್ದ ಕಾಡುಹಂದಿ, ಪುನುಗು ಬೆಕ್ಕು, ಆಮೆ ಎಲ್ಲ ತಿರುಗಿ ನೋಡಿದವು. ಚಿಕ್ಕೀರಯ್ಯನ ಮುಳ್ಳುಗಳು ತಾವಾಗಿ ನೆಟ್ಟಗೆ ನಿಂತವು. ಮರುವಾರ ಎರಡು ಸಲ ಹೋದ. ಅದರ ಮುಂದಿನ ವಾರ ಮೂರು ಸಲ.

ಹತ್ತನೆಯ ಸಲ ಹೋದಾಗ ಗಿಳಿಯ ಗರಿ ಬಂತು. ಹನ್ನೊಂದನೆಯ ಸಲ ಒಂದು ಅತ್ತಿಹಣ್ಣು ಸಿಕ್ಕಿತು. ಅದನ್ನು ತಿನ್ನದೆ ಎಲೆಯಲ್ಲಿ ಸುತ್ತಿ ಮನೆಗೆ ತಂದು ಸಾಕಮ್ಮನ ಮುಂದೆ ಇಟ್ಟ.

ಸಾಕಮ್ಮ ಹಣ್ಣನ್ನು ಮಗುಚಿ ನೋಡಿದಳು. “ಇದಕ್ಕೆ ನಾಲ್ಕು ಗೆಣಸು ಕೊಟ್ಟು ಬಂದಿರಾ?”

“ಇದು ಬಿಟ್ಟಿ ಕಣೇ. ಗೆಣಸು ತೆಪ್ಪಕ್ಕೆ.”

“ನಮ್ಮ ಬಿಲದ ಮುಂದೆ ಅತ್ತಿಮರವೇ ಇದೆಯಲ್ಲ. ದಿನಾ ಉದುರಿದ ಹಣ್ಣು ಕಾಲಿಗೆ ಸಿಕ್ಕಿ ಜಾರುತ್ತೇವೆ.”

“ಆ ಮರ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ,” ಎಂದ ಚಿಕ್ಕೀರಯ್ಯ.

ಸಾಕಮ್ಮ ಬಿಲದ ಒಳಗೆ ಹೋಗಿ ಗೆಣಸಿನ ರಾಶಿ ನೋಡಿ ಬಂದಳು. ಅದು ಮಳೆಗಾಲಕ್ಕೆಂದು ಇಬ್ಬರೂ ಸೇರಿ ಅಗೆದು ತಂದಿಟ್ಟ ರಾಶಿ. ಮಳೆ ಹಿಡಿದರೆ ಆ ಕಾಡಿನಲ್ಲಿ ನೆಲವೆಲ್ಲ ಕೆಸರಾಗಿ ತಿಂಗಳುಗಟ್ಟಲೆ ಏನೂ ಸಿಗುತ್ತಿರಲಿಲ್ಲ. ರಾಶಿ ಅರ್ಧಕ್ಕೆ ಇಳಿದಿತ್ತು.

“ರೀ, ನನ್ನ ತಂಗಿಗೆ ದಿನ ತುಂಬಿದೆ,” ಎಂದಳು. “ಮಳೆಗೆ ಮುಂಚೆ ಗುಡ್ಡ ದಾಟಿ ಬರುತ್ತೇವೆ, ಎರಡು ಬುಟ್ಟಿ ಗೆಣಸು ತರುತ್ತೇವೆ ಅಂತ ಹೇಳಿ ಕಳಿಸಿದ್ದೇವೆ. ನೆನಪಿದೆಯಾ?”

“ಇದೆ ಇದೆ. ಇನ್ನು ಹದಿನಾಲ್ಕು ಸಲ ಅಷ್ಟೇ. ಆಮೇಲೆ ಹೋಗೋಣ.”

“ಮೊದಲು ಹೋಗಿ ಬಂದು, ಆಮೇಲೆ ತೆಪ್ಪ ಹತ್ತಿ.”

“ಅದು ಆಗುವುದಿಲ್ಲ. ಎಂಟು ದಿನ ಮುಖ ತೋರಿಸದಿದ್ದರೆ ಗರಿ ವಾಪಸ್ ಕಿತ್ತುಕೊಳ್ಳುತ್ತಾನೆ. ಪುನುಗು ಬೆಕ್ಕಿಗೆ ಹಾಗೇ ಆಯಿತು. ಪಾಪ, ಜ್ವರ ಬಂದು ಮಲಗಿತ್ತು.”

“ಜ್ವರ ಬಂದವರಿಗೂ?”

“ನಿಯಮ ಎಲ್ಲರಿಗೂ ಒಂದೇ,” ಎಂದ ಚಿಕ್ಕೀರಯ್ಯ. ಹಾಗೆ ಹೇಳುವಾಗ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಹದಿನೈದನೆಯ ಸಲದ ಹೊತ್ತಿಗೆ ಅವನು ಜಲಪಾತ ನೋಡುವುದನ್ನು ಬಿಟ್ಟಿದ್ದ. ತೆಪ್ಪ ಅಲ್ಲಿ ತಿರುಗುವಾಗ ಅವನು ಮುಂದೆ ಕೂತವರ ಬೆನ್ನಿನ ಗರಿಗಳನ್ನು ಲೆಕ್ಕ ಹಾಕುತ್ತಿದ್ದ. ಯಾರಿಗೆ ಎಷ್ಟಾಯಿತು, ತನಗಿಂತ ಯಾರು ಮುಂದಿದ್ದಾರೆ, ಇದೇ ಚಿಂತೆ. ಆಗ ಕಾಡುಹಂದಿ ಇಪ್ಪತ್ತೊಂದರಲ್ಲಿತ್ತು. ಚಿಕ್ಕೀರಯ್ಯನಿಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ.

ಇಪ್ಪತ್ತನೆಯ ಸಲ ಮುಗಿಸಿ ಬಂದಾಗ ಸಾಕಮ್ಮ ಬಾಗಿಲಲ್ಲಿ ಬುಟ್ಟಿ ಹೊತ್ತು ನಿಂತಿದ್ದಳು. ಎರಡು ಬುಟ್ಟಿಯಲ್ಲ, ಒಂದೇ ಬುಟ್ಟಿ. ಅದೂ ತುಂಬಿರಲಿಲ್ಲ.

“ತಂಗಿಗೆ ಮೂರು ಮರಿ ಆಗಿವೆಯಂತೆ. ನಾನು ಹೊರಟೆ,” ಎಂದಳು.

“ಐದೇ ಐದು ಸಲ, ಸಾಕಿ! ಒಂದು ವಾರ ತಡೆ.”

“ನೀವು ಮುಗಿಸಿಕೊಳ್ಳಿ. ಒಳಗೆ ಇಪ್ಪತ್ತು ಗೆಣಸು ಬಿಟ್ಟಿದ್ದೇನೆ. ಅದು ನಿಮ್ಮ ಐದು ಸಲಕ್ಕೆ ಸರಿಹೋಗುತ್ತದೆ. ಆಮೇಲೆ ಊಟಕ್ಕೆ ಏನು ಅಂತ ಕಪಿಲಯ್ಯನನ್ನೇ ಕೇಳಿ.”

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಚಿಕ್ಕೀರಯ್ಯ ಏನಾದರೂ ತಿರುಗಿ ಹೇಳುತ್ತಿದ್ದ. ಈಗ ಅವಳು ಗುಡ್ಡದ ಹಿಂದೆ ಮರೆಯಾಗುವವರೆಗೆ ನಿಂತೇ ಇದ್ದ. ಹಿಂದೆ ಓಡಿ ಹೋಗಬೇಕು ಅನಿಸಿತು. ಆದರೆ ಮರುದಿನ ಬೆಳಿಗ್ಗೆ ತೆಪ್ಪ ಇತ್ತು.

ಅಷ್ಟರಲ್ಲಿ ಮೋಡ ಕಟ್ಟತೊಡಗಿತು. ಕಪಿಲಯ್ಯ ಆಕಾಶ ನೋಡಿದ. ಮಳೆ ಬಂದರೆ ತೆಪ್ಪ ನಿಲ್ಲಿಸಬೇಕು. ಬಂದಷ್ಟು ಗೆಣಸನ್ನು ಬಾಚಿಕೊಂಡು ಹೊಳೆಯ ಕೆಳಗಿನ ಕಾಡಿಗೆ ಹೋಗಿಬಿಡುವುದು ಅವನ ಲೆಕ್ಕಾಚಾರ. ಅದಕ್ಕೆ ಮುಂಚೆ ಕೊನೆಯದಾಗಿ ಒಂದು ಸಲ ಚೆನ್ನಾಗಿ ಹಿಂಡಿಕೊಳ್ಳಬೇಕಿತ್ತು. ಅವನು ದಡದ ಬಂಡೆ ಹತ್ತಿ ಸಾರಿದ:

“ಕೇಳ್ರಪ್ಪಾ ಕೇಳಿ! ಈ ವಾರ ಒಂದು ಸಲ ಬಂದರೆ ಎರಡು ಸಲ ಬಂದ ಹಾಗೆ! ಈ ವಾರ ನವಿಲುಗರಿ ಪಡೆದವರಿಗೆ ಅದು ಜೀವ ಇರುವವರೆಗೂ ಇರುತ್ತದೆ, ಕಿತ್ತುಕೊಳ್ಳುವ ಮಾತೇ ಇಲ್ಲ! ಅಷ್ಟೇ ಅಲ್ಲ, ಅವರಿಗೆ ದಿನಕ್ಕೊಂದು ಅತ್ತಿಹಣ್ಣು ಬಿಟ್ಟಿ! ತೆಪ್ಪ ಇರಲಿ, ಇಲ್ಲದಿರಲಿ! ಅದೂ ಹುಳ ಇಲ್ಲದ ಹಣ್ಣು!”

ಹೇಗೂ ತಾನು ಇಲ್ಲಿರುವುದಿಲ್ಲವಲ್ಲ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಟ್ಟ. ಕಾಡೆಲ್ಲ ಕೇಳಿಸಿಕೊಂಡಿತು.

ಆ ವಾರ ಹೊಳೆಯ ದಡದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಲ್ಲರೂ ಇದ್ದಬದ್ದ ಗೆಣಸು ತಂದು ಸುರಿದರು. ಕಪಿಲಯ್ಯನಿಗೆ ಗರಿ ಕಟ್ಟಿ ಕಟ್ಟಿ ಬೆರಳು ಸೋತವು. ಕಾಡಿನ ನವಿಲುಗಳು ಚಳಿಗೆ ನಡುಗುತ್ತಿವೆ ಎಂದು ಯಾರೋ ಹೇಳಿದರು. ಚಿಕ್ಕೀರಯ್ಯನಿಗೂ ನವಿಲುಗರಿ ಬಂತು. ಒಂದು ಸಲಕ್ಕೆ ಎರಡರ ಲೆಕ್ಕವಾದ್ದರಿಂದ, ತಿಂದದ್ದು ಕಳೆದು ನಾಲ್ಕು ಗೆಣಸು ಉಳಿಯಿತು ಕೂಡ. ಹೊಳೆಯ ನೀರಿನಲ್ಲಿ ತನ್ನ ನೆರಳನ್ನು ಬಹಳ ಹೊತ್ತು ನೋಡಿಕೊಂಡ. ಸಾಕಮ್ಮ ನೋಡಬೇಕಿತ್ತು ಅನಿಸಿತು.

ಮರುದಿನ ಆ ನಾಲ್ಕು ಗೆಣಸು ತೆಗೆದುಕೊಂಡು, ನವಿಲುಗರಿಯ ಸುಖ ನೋಡಲು ಹೋದ.

ದಡದಲ್ಲಿ ಎರಡು ಸಾಲು ಇದ್ದವು. ಒಂದು ‘ಮೊದಲು ಹತ್ತುವವರ’ ಸಾಲು. ಅದರಲ್ಲಿ ಮೂವತ್ತು ಪ್ರಾಣಿಗಳು ನವಿಲುಗರಿ ಕಟ್ಟಿಕೊಂಡು ಬಿಸಿಲಿನಲ್ಲಿ ನಿಂತಿದ್ದವು. ಇನ್ನೊಂದು ಏನೂ ಇಲ್ಲದವರ ಸಾಲು. ಅದು ಖಾಲಿ ಇತ್ತು.

“ಕಪಿಲಯ್ಯನೋರೇ, ನಾನು ಮೊದಲು ಹತ್ತಬೇಕಾದವನು,” ಎಂದ ಚಿಕ್ಕೀರಯ್ಯ.

“ಹೌದು ಹೌದು. ಮೊದಲು ಹತ್ತುವವರಲ್ಲಿ ನೀವು ಮೂವತ್ತೊಂದನೆಯವರು. ಆ ಕೊನೆಗೆ ನಿಲ್ಲಿ.”

ಅಷ್ಟರಲ್ಲಿ ಬೆಳ್ಳಿ ಎಂಬ ಮೊಲ ಬಂದಳು. ಪಕ್ಕದ ಬಯಲಿನವಳು, ಇದೇ ಮೊದಲ ಸಲ. ಖಾಲಿ ಸಾಲು ನೋಡಿದಳು, ನಾಲ್ಕು ಗೆಣಸು ಕೊಟ್ಟಳು, ನಡೆದು ಹೋಗಿ ತೆಪ್ಪದ ಹಿಂದಿನ ತುದಿಯಲ್ಲಿ ಹೊಂಗೆ ಮರದ ನೆರಳಿಗೆ ಕೂತಳು. ಕಾಲು ಚಾಚಿಕೊಂಡಳು.

ಮೂವತ್ತೊಂದು ನವಿಲುಗರಿಗಳು ಅವಳನ್ನು ನೋಡುತ್ತಾ ನಿಂತವು.

“ಅವಳು ಹೇಗೆ ಹತ್ತಿದಳು?” ಎಂದಿತು ಕಾಡುಹಂದಿ.

“ಕಾಲಿನಿಂದ,” ಎಂದಿತು ಆಮೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಎಲ್ಲರೂ ಹತ್ತಿದರು. ಎಲ್ಲರಿಗೂ ಮುಂದಿನ ತುದಿಯ ಹಕ್ಕಿತ್ತು. ಎಲ್ಲರೂ ಮುಂದಿನ ತುದಿಗೇ ಹೋದರು. ಕಪಿಲಯ್ಯ ವಾರದ ಗೆಣಸನ್ನೆಲ್ಲ ಬುಟ್ಟಿಗಳಲ್ಲಿ ತುಂಬಿ ತನ್ನ ಕಾಲ ಬಳಿಯೇ ಇಟ್ಟುಕೊಂಡಿದ್ದ. ಸಂಜೆಗೆ ಅದೇ ತೆಪ್ಪದಲ್ಲಿ ಪರಾರಿಯಾಗುವ ಯೋಚನೆ. ತೆಪ್ಪದ ಮೂಗು ಆಗಲೇ ನೀರು ಮುಟ್ಟುತ್ತಿತ್ತು. ಹಿಂದಿನ ತುದಿಯಲ್ಲಿ ಬೆಳ್ಳಿ ಒಬ್ಬಳೇ.

“ಸ್ವಲ್ಪ ಜನ ಹಿಂದೆ ಹೋಗಿ!” ಎಂದು ಕೂಗಿದ ಕಪಿಲಯ್ಯ.

“ಹಿಂದೆ ಗರಿ ಇಲ್ಲದವರು ಕೂರುವುದು,” ಎಂದಿತು ಕಾಡುಹಂದಿ. “ನಾನು ಇಪ್ಪತ್ತೈದು ಸಲ ಬಂದವನು.”

“ನಾನು ಜ್ವರದಿಂದ ಎದ್ದು ಬಂದು ಮತ್ತೆ ಮೊದಲಿನಿಂದ ಮಾಡಿದವಳು,” ಎಂದಿತು ಪುನುಗು ಬೆಕ್ಕು.

“ಚಿಕ್ಕೀರಯ್ಯನೋರೇ, ನೀವಾದರೂ?”

ಚಿಕ್ಕೀರಯ್ಯ ಸುತ್ತ ನೋಡಿದ. ಅವನ ಮುಳ್ಳು ಚುಚ್ಚದಿರಲಿ ಎಂದು ಆಚೀಚೆಯವರು ಮೈ ಹಿಡಿಮಾಡಿಕೊಂಡು ಮುಖ ಸೊಟ್ಟ ಮಾಡಿದ್ದರು. ಪಕ್ಕದಲ್ಲಿ ಕೂರುವುದು ಅಂದರೆ ಇದೇನಾ ಅನಿಸಿತು. ಒಂದು ಸಲ ಹೆಂಡತಿ ಜೊತೆ ಬಂದಿದ್ದಾಗ ತೆಪ್ಪದಲ್ಲಿ ಎಷ್ಟು ಜಾಗ ಇತ್ತು!

“ನಾನು ಇಳಿಯುತ್ತೇನೆ,” ಎಂದ.

ಇಳಿಯಲು ಎದ್ದೂ ಬಿಟ್ಟ. ಆದರೆ ಕಪಿಲಯ್ಯ ಆಗಲೇ ಗಳ ಊರಿ ತೆಪ್ಪವನ್ನು ತಳ್ಳಿದ್ದ. ತೆಪ್ಪ ದಡದಿಂದ ನಾಲ್ಕು ಮಾರು ಹೋಯಿತು. ಮೂಗು ಮುಳುಗಿತು. ಬಾಲ ಮೇಲೆದ್ದಿತು. ಬೆಳ್ಳಿ ಅಲ್ಲಿಂದ ಹೊಳೆಯ ಮೇಲೆ ಚಾಚಿದ್ದ ಹೊಂಗೆಯ ಕೊಂಬೆಗೆ ಹಾರಿ, ಕೊಂಬೆಯಿಂದ ದಡಕ್ಕೆ ಇಳಿದಳು. ಅವಳ ಕಾಲು ಕೂಡ ಒದ್ದೆಯಾಗಲಿಲ್ಲ. ಉಳಿದವರೆಲ್ಲ ಗೆಣಸಿನ ಬುಟ್ಟಿಗಳ ಸಮೇತ ಹೊಳೆಗೆ ಬಿದ್ದರು. ಬಳ್ಳಿ ಹರಿದು ಗಳಗಳು ಒಂದೊಂದಾಗಿ ತೇಲಿ ಹೋದವು.

ಅಲ್ಲಿ ನೀರು ಆಳವಿರಲಿಲ್ಲ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಕಪಿಲಯ್ಯ ಒಂದು ಬಂಡೆಗೆ ತಗುಲಿಕೊಂಡು, ಕೆಮ್ಮುತ್ತಲೇ ಕೂಗಿದ: “ಯಾರೂ ಗಾಬರಿಯಾಗಬೇಡಿ! ನೀರಿಗೆ ಬಿದ್ದವರಿಗೆಲ್ಲ ಇನ್ನೊಂದು ಗರಿ ಹೆಚ್ಚಿಗೆ!”

ಮೈ ಕೊಡವಿಕೊಂಡು ಒಬ್ಬೊಬ್ಬರೇ ಮನೆಗೆ ಹೋದರು.

ಚಿಕ್ಕೀರಯ್ಯ ಮನೆಗೆ ಹೋಗಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಮೈಯೆಲ್ಲ ಒದ್ದೆಯಾಗಿಯೇ ಗುಡ್ಡದ ದಾರಿ ಹಿಡಿದ. ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ಕಡೆ ನೆಲ ಅಗೆದ. ಎರಡು ದಿನ ನಡೆದು ನಾದಿನಿಯ ಬಿಲ ತಲುಪಿದಾಗ ಬಾಯಲ್ಲಿ ಏಳು ಗೆಣಸು ಕಚ್ಚಿಕೊಂಡಿದ್ದ. ಉಗುರು ಕಿತ್ತುಹೋಗಿದ್ದವು.

ಸಾಕಮ್ಮ ಮರಿಗಳನ್ನು ಮಲಗಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಅವನು ಗೆಣಸನ್ನು ಕೆಳಗಿಟ್ಟ.

“ಎರಡು ಬುಟ್ಟಿ ಹೇಳಿದ್ದೆವು. ಏಳು ತಂದಿದ್ದೇನೆ,” ಎಂದ. ಆಮೇಲೆ, “ತಪ್ಪಾಯಿತು ಸಾಕಿ,” ಎಂದ.

ಅವಳು ಗೆಣಸನ್ನು ಒಳಗೆ ಸರಿಸಿದಳು. “ಮಳೆ ಬರಲು ಇನ್ನೂ ಆರೇಳು ದಿನ ಇದೆ ಅಂತ ಕಾಣುತ್ತದೆ,” ಎಂದಳು. “ಆ ಕಡೆ ಇಳಿಜಾರಿನಲ್ಲಿ ಗೆಣಸು ಚೆನ್ನಾಗಿದೆ. ನಾಳೆ ಇಬ್ಬರೂ ಹೋಗೋಣ. ಈಗ ಒಳಗೆ ಬನ್ನಿ, ಬಾಗಿಲಲ್ಲಿ ನಿಂತರೆ ಗಾಳಿ ಬರುತ್ತದೆ.”

ಇತ್ತ ಕಪಿಲಯ್ಯನಿಗೆ ತೆಪ್ಪವೂ ಇಲ್ಲ, ಗೆಣಸೂ ಇಲ್ಲ, ಕೆಳಗಿನ ಕಾಡಿಗೆ ಹೋಗುವ ದಾರಿಯೂ ಇಲ್ಲ. ತೆಪ್ಪ ಮುಳುಗಿದ ಮಾರನೆಯ ಬೆಳಿಗ್ಗೆ ಅವನು ಕಣ್ಣು ಬಿಟ್ಟಾಗ, ತಾನು ಮಲಗಿದ್ದ ಅತ್ತಿಮರದ ಬುಡದಲ್ಲಿ ಆಮೆ ಕೂತಿತ್ತು. ಅದರ ಚಿಪ್ಪಿನ ಮೇಲೆ ನವಿಲುಗರಿ ಇತ್ತು.

“ಇವತ್ತಿನ ಹಣ್ಣು,” ಎಂದಿತು ಆಮೆ.

ಕಪಿಲಯ್ಯ ಒಂದು ಅತ್ತಿಹಣ್ಣು ಕಿತ್ತು ಎಸೆದ. ಆಮೆ ಅದನ್ನು ಬಿಡಿಸಿ ನೋಡಿತು. “ಹುಳ ಇದೆ,” ಎಂದಿತು.

ಹತ್ತು ಹಣ್ಣು ಕೊಟ್ಟ. ಹತ್ತರಲ್ಲೂ ಹುಳ. ಅತ್ತಿಹಣ್ಣಿನಲ್ಲಿ ಹುಳ ಇಲ್ಲದಿರುವುದು ಎಂದರೆ ಅಪರೂಪ. ಸಂಜೆಯ ಹೊತ್ತಿಗೆ ಎಲ್ಲೋ ಒಂದು ಸಿಕ್ಕಿತು. ಆಮೆ ತಿಂದು ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಬಂತು. ಕಪಿಲಯ್ಯ ಬೇರೆ ಮರಕ್ಕೆ ಹಾರಿದ. ಆಮೆ ನಿಧಾನವಾಗಿ ಆ ಮರದ ಬುಡಕ್ಕೂ ಬಂತು. ಹೊಸ ತೆಪ್ಪಕ್ಕೆ ಬಿದಿರು ಕಡಿದು ಕೊಡಿ ಎಂದು ಕಾಡುಹಂದಿಯನ್ನು ಕೇಳಿದರೆ, “ಮೊದಲು ಆಮೆಗೆ ಕೊಟ್ಟ ಮಾತು ಮುಗಿಸು,” ಎಂದಿತು. ಕಾಡಿನಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ.

ಕೊನೆಗೆ ಕಪಿಲಯ್ಯ ಕೊಂಬೆಯಿಂದ ಬಗ್ಗಿ ಕೇಳಿದ: “ಆಮೆಯವರೇ, ತಮಗೆ ವಯಸ್ಸೆಷ್ಟು?”

“ಅರವತ್ತು,” ಎಂದಿತು ಆಮೆ. “ನಮ್ಮ ತಾಯಿಗೆ ನೂರಾ ಹದಿನೆಂಟು. ಅವರೂ ಗಟ್ಟಿಯಾಗಿದ್ದಾರೆ.”

ನೀತಿ: ಹೇಗೂ ಹೋಗುವ ಕಡೆ ಉಡುಗೊರೆ ಸಿಕ್ಕರೆ ತೆಗೆದುಕೊಳ್ಳಿ, ಉಡುಗೊರೆಗೆಂದೇ ಹೋಗಬೇಡಿ. ಎಲ್ಲರಿಗೂ ಮೊದಲ ಜಾಗ ಕೊಡುತ್ತೇನೆ ಎನ್ನುವವನು ಯಾರಿಗೂ ಏನನ್ನೂ ಕೊಡುತ್ತಿಲ್ಲ.